ಹಾನಗಲ್ಲ ಸೀಮೆಯ ಹತ್ತಿ, ನೀಲಗಿರಿ ಮತ್ತು ಲೋಕವ್ಯಾಪಾರದ ಲೆಕ್ಕ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಶಿಗ್ಗಾವಿ, ಹಾವೇರಿಗಳ ಕಡೆಗೆ ಸಾಗುವ ಹೆದ್ದಾರಿಯಿಂದ ಪಡುವಲಿಗೆ ಕವಲೊಡೆದು ಮುಂಡಗೋಡ, ಶಿರಸಿಗಳಿಗೆ ಹೋಗುವ ದಾರಿಯು ತಡಸದ ಮೇಲಿಂದ ಹಾಯುವದು. ಊರು ದೊಡ್ಡದಲ್ಲ, ಆದರೆ ಅದು ಎರಡು ನಾಡುಗಳ ಹೊಸ್ತಿಲ ಮೇಲೆ ಕುಳಿತಿದೆ. ಅದರ ಮೂಡಲಿಗೆ ಸವಣೂರಿನತ್ತ ಹಬ್ಬಿದ ಎರೆಭೂಮಿಯ ಬಯಲು, ಜೋಳ ಹತ್ತಿಗಳ ಸೀಮೆ. ಪಡುವಲಿಗೆ ನೆಲವು ಕೆಂಪಾಗುತ್ತ, ದಿಬ್ಬ ತಗ್ಗುಗಳಾಗುತ್ತ, ಕೆರೆಗಳು ಒತ್ತೊತ್ತಾಗುತ್ತ, ಕೆಲವೇ ಹರಿದಾರಿಗಳಲ್ಲಿ ತೇಗ ಮತ್ತಿಗಳ ಕಾಡು ಎದುರಾಗುವದು. ತಡಸದಿಂದ ಹಾನಗಲ್ಲ, ಹಿರೇಕೆರೂರುಗಳ ವರೆಗೆ ತೆಂಕಲಿಗೆ ಇಳಿದ ಈ ಮಲೆನಾಡ ಸೆರಗಿನಲ್ಲಿ ಬಯಲಿನ ಹುಲ್ಲೂ ಕಾಡಿನ ಗಿಡವೂ ಒಂದೇ ಊರ ಎಲ್ಲೆಯಲ್ಲಿ ಕಾಣಸಿಗುವವು. ಎರಡು ಬಗೆಯ ನೆಲಗಳು ಕೂಡುವಲ್ಲಿ ಎರಡರ ಜೀವಿಗಳೂ ಕೂಡುವವೆಂಬುವದು ಪ್ರಾಣಿಶಾಸ್ತ್ರಜ್ಞರು ಬಲ್ಲ ಮಾತು. ಇಂಥಲ್ಲಿಯೇ ಹೊರನಾಡಿನ ವ್ಯಾಪಾರಿಗೂ ಬಯಲಿನ ಮಾಲು, ಕಾಡಿನ ಮಾಲು ಎರಡೂ ದೊರೆಯುವವೆಂಬುವದನ್ನು ಮಾತ್ರ ಅದಕ್ಕೆ ಕೂಡಿಸಿ ಹೇಳಬೇಕು.

ಒಂದು ದೇಶದವರ ಉಡಿಗೆ ತೊಡಿಗೆ, ಊಟ ಉಪಚಾರಗಳಿಗಾಗಿ ಇನ್ನೊಂದು ದೇಶದ ಕಾಡುಬಯಲುಗಳಲ್ಲಿ ಎಷ್ಟು ಜೀವಜಾತಿಗಳು ಅಳಿವಿನ ಅಂಚಿಗೆ ಬಂದವೆಂದು ಲೆಕ್ಕಹಾಕುವ ವಿದ್ಯೆಯೊಂದು ಈಚಿನ ದಶಕಗಳಲ್ಲಿ ಬೆಳೆದಿದೆ. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಮ್ಯಾನ್‌ಫ್ರೆಡ್ ಲೆನ್ಜನ್ ಮತ್ತು ಅವರ ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ವಿದ್ಯೆಯಲ್ಲಿ ಪ್ರಸಿದ್ಧವಾದದ್ದು. ಅವರು ಎರಡು ದೊಡ್ಡ ಪುಸ್ತಕಗಳನ್ನು ಎದುರುಬದುರು ಇಟ್ಟು ತಾಳೆ ನೋಡಿದರು. ಒಂದು, ಅಳಿವಿನಂಚಿನ ಪ್ರಾಣಿಗಳ ‘ಕೆಂಪು ಪಟ್ಟಿ’. ಇನ್ನೊಂದು, ದೇಶ ದೇಶಗಳ ನಡುವಿನ ಕೊಳು ಕೊಡುಗೆಯ ತಖ್ತೆಗಳು. 25,000 ಅಪಾಯಗಳ ದಾಖಲೆಗಳನ್ನು 187 ದೇಶಗಳ 15,000ಕ್ಕೂ ಮಿಕ್ಕಿದ ಸರಕುಗಳೊಡನೆ ಹೊಂದಿಸಿದಾಗ, ಜೀವಜಾತಿಗಳಿಗೆ ಒದಗಿದ ಅಪಾಯಗಳಲ್ಲಿ ಶೇಕಡಾ 30ರಷ್ಟಕ್ಕೆ ಅಂತರರಾಷ್ಟ್ರೀಯ ವ್ಯಾಪಾರವೇ ಮೂಲವೆಂದು ತಿಳಿದುಬಂದಿತು. ಕಾಫಿ, ಚಹಾ, ಸಕ್ಕರೆ, ಜವಳಿ, ಮೀನುಗಳಂಥ ನಿತ್ಯದ ಪದಾರ್ಥಗಳೇ ಆ ಯಾದಿಯಲ್ಲಿ ಮುಂದಾಗಿದ್ದವು. ಈ ಲೆಕ್ಕದ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಅದು ತಡಸ, ಹಾನಗಲ್ಲಗಳಂಥ ಸೀಮೆಗೆ ಇಳಿದು ಬಂದಾಗ ಎಷ್ಟರ ಮಟ್ಟಿಗೆ ಹಿಡಿಯುವದು, ಎಷ್ಟನ್ನು ಸೋರಗೊಡುವದು ಎಂಬುವದನ್ನು ಈ ಸೀಮೆಯ ಇತಿಹಾಸದಿಂದಲೇ ಅರಿಯಬೇಕಾಗಿದೆ.

ಲೋಕವ್ಯಾಪಾರವು ಈ ನೆಲಕ್ಕೆ ಮೊದಲು ಕೈಯಿಕ್ಕಿದ್ದು ಅರಳೆಯ ಮೂಲಕ. ಧಾರವಾಡ ಪ್ರಾಂತದ ಎರೆಭೂಮಿಯಲ್ಲಿ ಬೆಳೆಯುತ್ತಿದ್ದ ಜವಾರಿ ಹತ್ತಿಗೆ ಮುಂಬಯಿ, ಲಿವರಪೂಲ ಪೇಟೆಗಳಲ್ಲಿ ‘ಕುಮಟಾ’ ಎಂದು ಹೆಸರು. ಕುಮಟೆಯಲ್ಲಿ ಆ ಹತ್ತಿಯ ಒಂದು ಗಿಡವೂ ಹುಟ್ಟುತ್ತಿರಲಿಲ್ಲ. ಘಟ್ಟವಿಳಿದ ಚಕ್ಕಡಿಗಳು ಅಲ್ಲಿಯ ಬಂದರದಲ್ಲಿ ಅಂಡಿಗೆಗಳನ್ನು ಕೆಡವುತ್ತಿದ್ದವು. ಅಲ್ಲಿಂದ ಅವು ಹಡಗೇರಿ ಮುಂಬಯಿಗೆ ಹೋಗುತ್ತಿದ್ದವು. ಆದ್ದರಿಂದ ಕೊಳ್ಳುವವನ ಬಾಯಲ್ಲಿ ಬಂದರದ ಹೆಸರೇ ಬೆಳೆಗೆ ನಿಂತಿತು. ಮಾಲು ಹುಟ್ಟಿದ ಹೊಲವು ಹೆಸರಿನಿಂದಲೇ ಅಳಿಸಿಹೋಗುವ ಈ ಪರಿಪಾಠವು ವ್ಯಾಪಾರದ ಹುಟ್ಟುಗುಣವೆಂದು ತೋರುತ್ತದೆ. ಇಂದಿನ ಪಂಡಿತರು ‘ಸರಕಿನ ಸರಪಳಿಯ ಮೊದಲ ಕೊಂಡಿ ಕಾಣುವದಿಲ್ಲ’ವೆಂದು ಹೇಳುವ ದೂರು ಲಿವರಪೂಲದ ಕಾಲದಷ್ಟು ಹಳೆಯದು.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೇರಿಕದಿಂದ ಹತ್ತಿಯ ತೋಟಗಾರರನ್ನು ಕರೆಸಿ, ಹುಬ್ಬಳ್ಳಿಯ ಹತ್ತಿರ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವನ್ನು ಮಾಡಿಸಿತು. ನ್ಯೂ ಆರ್ಲಿಯನ್ಸ್ ಬೀಜವು ಹಿಂದುಸ್ತಾನದ ಅನೇಕ ಕಡೆಗಳಲ್ಲಿ ಸೋತರೂ ಇಲ್ಲಿ ನೆಲೆಯೂರಿತು. ‘ಧಾರವಾಡ ಅಮೇರಿಕನ್’ ಎಂದು ಪೇಟೆಯಲ್ಲಿ ಹೆಸರಾದದ್ದು ಇದೇ. ಜವಾರಿ ಅರಳೆಯನ್ನು ಹೆಂಗಸರು ಕಬ್ಬಿಣದ ಉರುಳೆಯನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಹೊಸ ಅರಳೆಯ ಬೀಜವು ಎಳೆಯನ್ನು ಬಿಗಿಯಾಗಿ ಹಿಡಿದಿರುತ್ತಿದ್ದದರಿಂದ ಅದಕ್ಕೆ ಗರಗಸದ ಜಿನ್ನು ಬೇಕಾಯಿತು. ಮುಂದೆ 1861ರಿಂದ 1865ರ ವರೆಗೆ ಅಮೇರಿಕದ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಲ್ಯಾಂಕಶಾಯರದ ಗಿರಣಿಗಳು ಹಸಿದು ಈ ಕಡೆಗೆ ತಿರುಗಿದವು. ಬೆಲೆಯು ಹಿಂದೆಂದೂ ಕಾಣದಷ್ಟು ಏರಿತು. ಯುದ್ಧ ಮುಗಿದೊಡನೆ ಕುಸಿಯಿತು. ಆ ಕಾಲದ ಉತ್ಸಾಹವು ಎಷ್ಟಿತ್ತೆಂದರೆ, ಕಾರವಾರದ ಬಂದರವನ್ನು ಬೆಳೆಸಿ ಈ ಪ್ರಾಂತದ ಅರಳೆಯನ್ನು ಅಲ್ಲಿಂದಲೇ ಹೊರಡಿಸಬೇಕೆಂಬ ಎಣಿಕೆಯಿಂದ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಹತ್ತಿಯ ಸಲುವಾಗಿ ಜಿಲ್ಲೆಯೊಂದು ಇಲಾಖೆಯನ್ನು ಬದಲಿಸಿದ್ದು ಕನ್ನಡನಾಡಿನ ರಾಜಕೀಯ ಚರಿತ್ರೆಯಲ್ಲಿಯೂ ನೆನಪಿಡತಕ್ಕ ಸಂಗತಿಯೇ ಸರಿ. 1880ರ ದಶಕದಲ್ಲಿ ರೇಲ್ವೆಯು ಬಂದ ಮೇಲೆ ಚಕ್ಕಡಿಗಳೂ ಕುಮಟೆಯ ಬಂದರವೂ ಹಿಂದೆ ಬಿದ್ದವು. ಹೆಸರು ಮಾತ್ರ ಪೇಟೆಯಲ್ಲಿ ಉಳಿಯಿತು.

ಈ ವ್ಯಾಪಾರದಲ್ಲಿ ಅಳತೆಗೆ ಕೊರತೆಯಿರಲಿಲ್ಲವೆಂಬುವದು ಲಕ್ಷ್ಯದಲ್ಲಿಡತಕ್ಕ ಮಾತು. ಎಳೆಯ ಉದ್ದವೆಷ್ಟು, ಬಿಳುಪೆಷ್ಟು, ಕಸವೆಷ್ಟು, ತೇವವೆಷ್ಟು ಎಂದು ಅಂಡಿಗೆಗೆ ಅಂಡಿಗೆಯನ್ನೇ ಪರೀಕ್ಷಿಸುತ್ತಿದ್ದರು. ಜವಾರಿ ಅರಳೆಯನ್ನು ಅಮೇರಿಕನ್ ಅರಳೆಯಲ್ಲಿ ಕಲಸಿ ಮಾರುವದನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರವು ಒಂದು ಕಾಯದೆಯನ್ನೇ ಮಾಡಿತು. ಸರ್ವೆ ಖಾತೆಯವರು ಹೊಲಹೊಲವನ್ನು ಅಳೆದು, ಪಾಳುಬಿದ್ದ ನೆಲವು ಸಾಗುವಳಿಗೆ ಬಂದದ್ದನ್ನು ಎಕರೆಗಳಲ್ಲಿ ಬರೆದು ಅದನ್ನು ಪ್ರಗತಿಯೆಂದು ಎಣಿಸಿದರು. ಜೇಮ್ಸ್ ಕ್ಯಾಂಪಬೆಲ್ಲರ ಸಂಪಾದಕತ್ವದಲ್ಲಿ 1884ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗೆಝೆಟಿಯರಿನಲ್ಲಿ ಹತ್ತಿಯ ಮೇಲೆ ಪುಟಗಟ್ಟಲೆ ಬರೆದಿದೆ. ಆದರೆ ‘ಪಾಳು’ ಎಂದು ಬರೆದ ಆ ನೆಲದಲ್ಲಿ ಮೊದಲು ಏನಿತ್ತು, ಯಾವ ಹುಲ್ಲು, ಯಾವ ಕಂಟಿ, ಯಾವ ಹಕ್ಕಿ ಎಂಬುವದಕ್ಕೆ ಆ ದಫ್ತರಗಳಲ್ಲಿ ಅಂಕಣವಿರಲಿಲ್ಲ. ಸಸ್ಯಶಾಸ್ತ್ರಜ್ಞರು ಇದ್ದೇ ಇದ್ದರು. ಕೆನರಾ ಅರಣ್ಯಗಳಲ್ಲಿ ಕೆಲಸ ಮಾಡಿದ ಟಾಲಬಟ್, ಮುಂಬಯಿ ಇಲಾಖೆಯ ಸಸ್ಯಕೋಶವನ್ನು ಬರೆದ ಕುಕ್ ಇವರ ಗ್ರಂಥಗಳು 20ನೆಯ ಶತಮಾನದ ಆರಂಭದಲ್ಲಿಯೇ ಬಂದಿವೆ. ಇಲಾಖೆಯಲ್ಲಿ ಇಂಥ ಗಿಡವುಂಟು ಎಂದು ಅವರು ಹೇಳಬಲ್ಲರು. ಇಂಥ ಊರ ಗುಡ್ಡದ ಓರೆಯಲ್ಲಿ ಅದು ಎಷ್ಟಿತ್ತು, ಅದರಿಂದ ಎಷ್ಟು ಮನೆಗಳು ಬದುಕಿದವು ಎಂಬುವದು ಅವರ ಕೆಲಸವಾಗಿರಲಿಲ್ಲ.

ಹತ್ತಿಯ ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ಧಾರವಾಡದ ಕೃಷಿಸಂಶೋಧನೆಯಿಂದ ‘ಜಯಧರ’ದಂಥ ಉತ್ತಮ ಜವಾರಿ ತಳಿಗಳು ಬಂದವು. 1972ರಲ್ಲಿ ಬಿ. ಎಚ್. ಕಾಟರಕಿಯವರು ‘ವರಲಕ್ಷ್ಮಿ’ಯೆಂಬ ಸಂಕರ ತಳಿಯನ್ನು ಕೊಟ್ಟರು. 2002ರಲ್ಲಿ ದೇಶದೊಳಗೆ ಬೀಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕೆಲವೇ ವರ್ಷಗಳಲ್ಲಿ ಹೊಲಗಳೆಲ್ಲ ಅದರ ಪಾಲಾಗಿ, ಸಾವಿರಾರು ವರ್ಷಗಳಿಂದ ಎರೆಭೂಮಿಯ ಬರವನ್ನು ಸಹಿಸಿಕೊಂಡಿದ್ದ ಜವಾರಿ ಹತ್ತಿಯು ಅಲ್ಲೊಂದು ಇಲ್ಲೊಂದು ಹೊಲಕ್ಕೆ ಸರಿಯಿತು.

ಪಡುವಣ ಕಾಡಿನ ಕಡೆಯ ಲೆಕ್ಕವು ಬೇರೊಂದು ಬಗೆಯದು. ಅದರಲ್ಲಿ ಬಿದಿರಿನ ಪ್ರಸಂಗವೊಂದನ್ನು ಇಲ್ಲಿ ಹೇಳುವದು ಅವಶ್ಯ. ಉತ್ತರ ಕನ್ನಡದ ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರಖಾನೆ ಹುಟ್ಟಿದಾಗ ಅಲ್ಲಿಯ ಬಿದಿರು ಎಂದೂ ಬತ್ತದ ಭಂಡಾರವೆಂದು ಅಂದಾಜು ಮಾಡಲಾಗಿತ್ತು. 1970ರ ದಶಕದ ಹೊತ್ತಿಗೆ ಬಿದಿರು ಬತ್ತತೊಡಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡಗೀಳರು ಮತ್ತು ಅವರ ಸಂಗಡಿಗರು ಕಾಡಿನೊಳಗೆ ಹಿಂಡಿಲು ಹಿಂಡಿಲನ್ನೇ ಎಣಿಸಿ ನೋಡಲಾಗಿ, ಮೊದಲಿನ ಅಂದಾಜು ಬಹಳ ಹೆಚ್ಚಾಗಿತ್ತೆಂದು ಗೊತ್ತಾಯಿತು. ಇನ್ನೊಂದು ವಿಷಯವೂ ಹೊರಬಿದ್ದಿತು. ಹಿಂಡಿಲಿನ ಬುಡದ ಮುಳ್ಳುಗಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುವದೆಂದು ಅರಣ್ಯಖಾತೆಯ ನಿಯಮವಿತ್ತು. ಹಾಗೆ ಸವರಿದರೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುವವೆಂದು ಸುತ್ತಲ ಹಳ್ಳಿಗರು ಹೇಳುತ್ತಿದ್ದರು. ಎಣಿಕೆಯು ಹಳ್ಳಿಗರ ಮಾತನ್ನೇ ನಿಜಮಾಡಿತು. ಅಳತೆಗೆ ಹೊರಟ ವಿಜ್ಞಾನಿಯು ಕಾಡಿನ ಅಂಚಿನವರನ್ನು ಕೇಳದೆ ಅಳೆಯಬಾರದೆಂಬುವದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಕನ್ನಡನಾಡಿನಲ್ಲಿ ಸಿಕ್ಕಲಾರದು.

ಇನ್ನು ಹಾನಗಲ್ಲ ತಾಲೂಕಿನ ಮುಖ್ಯ ಪ್ರಸಂಗಕ್ಕೆ ಬರಬೇಕು. ಅದರ ಬೀಜವು ಬಹು ದೂರದಲ್ಲಿದೆ. 1892ರಲ್ಲಿ ಇಂಗ್ಲಂಡದ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬ ರಸಾಯನಶಾಸ್ತ್ರಜ್ಞರು ಮರದ ತಿರುಳನ್ನು ದ್ರವವಾಗಿಸಿ ಅದರಿಂದ ನೂಲನ್ನೆಳೆಯುವ ಕ್ರಮವನ್ನು ಕಂಡುಹಿಡಿದರು. ‘ವಿಸ್ಕೋಸ್’ ಎಂದೂ ‘ರೇಯಾನ್’ ಎಂದೂ ಅದಕ್ಕೆ ಹೆಸರು. ಜನರ ಬಾಯಲ್ಲಿ ಕೃತಕ ರೇಶಿಮೆ. ಹತ್ತಿಯಿಲ್ಲದೆ ಹತ್ತಿಯಂಥ ಅರಿವೆಯನ್ನು ಕಾಡಿನಿಂದ ನೇಯಬಹುದೆಂದ ಮೇಲೆ, ಹತ್ತಿಯ ಹೊಲವನ್ನು ಹುಡುಕುತ್ತಿದ್ದ ಪೇಟೆಯ ಕಣ್ಣು ಕಾಡಿನತ್ತ ತಿರುಗಿದ್ದು ಸಹಜ. ಸ್ವಾತಂತ್ರ್ಯಾನಂತರ ಗ್ವಾಲಿಯರ ರೇಯಾನ್ಸ್ ಸಂಸ್ಥೆಯು ಮಧ್ಯಪ್ರದೇಶದ ನಾಗದಾದಲ್ಲಿ ಈ ನಾರಿನ ಕಾರಖಾನೆಯನ್ನು ಕಟ್ಟಿತು. ಅದೇ ಬಳಗದ ‘ಹರಿಹರ ಪಾಲಿಫೈಬರ್ಸ್’ ಕಾರಖಾನೆಯು ತುಂಗಭದ್ರೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ 1972ರಿಂದ ಮರದ ತಿರುಳನ್ನು ತೆಗೆಯಲಾರಂಭಿಸಿತು. ಹೀಗೆ, ಒಂದು ಕಾಲಕ್ಕೆ ಲಿವರಪೂಲಕ್ಕೆ ನಿಜವಾದ ಅರಳೆಯನ್ನು ಕಳಿಸಿದ ನಾಡೇ ಕೃತಕ ಅರಳೆಗೆ ಮರವನ್ನು ಒದಗಿಸುವ ನಾಡಾಯಿತು.

ಆ ಕಾರಖಾನೆಯ ಮುಖ್ಯ ಆಹಾರ ನೀಲಗಿರಿ. ಈ ಮರವು ಆಸ್ಟ್ರೇಲಿಯದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟದಲ್ಲಿ ನೆಡಲಾಯಿತೆಂದು ಪ್ರತೀತಿಯುಂಟು. 19ನೆಯ ಶತಮಾನದಲ್ಲಿ ನೀಲಗಿರಿ ಬೆಟ್ಟಗಳಲ್ಲಿ ಉರವಲಿಗಾಗಿ ವಿಪುಲವಾಗಿ ಬೆಳೆಸಿದ್ದರಿಂದ ಕನ್ನಡದಲ್ಲಿ ಬೆಟ್ಟದ ಹೆಸರೇ ಮರಕ್ಕಾಯಿತು. ಬೇಗ ಬೆಳೆಯುವದು, ಕಡಿದರೆ ಚಿಗುರುವದು, ದನ ಮೇಯುವದಿಲ್ಲ. ಆದುದರಿಂದ ಬೇಲಿ ಬೇಕಿಲ್ಲ, ಕಾವಲು ಬೇಕಿಲ್ಲ. ಕಾರಖಾನೆಯ ದೃಷ್ಟಿಯಿಂದ ಇದು ಗುಣ. ದನವಿದ್ದವನ ದೃಷ್ಟಿಯಿಂದ ಅದೇ ದೋಷ. ಅಂತರ್ಜಲವನ್ನು ಅದು ಎಷ್ಟು ಹೀರುವದೆಂಬ ವಿಷಯದಲ್ಲಿ ತಜ್ಞರು ದೀರ್ಘಕಾಲ ವಾದಿಸಿದ್ದಾರೆ. ಅದರ ನೆಳಲಲ್ಲಿ ಮೇವು ಸರಿಯಾಗಿ ಬೆಳೆಯುವದಿಲ್ಲವೆಂಬುವದಕ್ಕೆ ಮಾತ್ರ ದನಗಾಹಿಗಳಿಗೆ ಯಾವ ಪ್ರಮಾಣವೂ ಬೇಕಾಗಿರಲಿಲ್ಲ.

1984ರಲ್ಲಿ ಕರ್ನಾಟಕ ಸರಕಾರವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಪಾಲುಗಾರಿಕೆಯ ಕಂಪನಿಯನ್ನು ಸ್ಥಾಪಿಸಿದವು. ಕಾರಖಾನೆಗೆ ಬೇಕಾದ ಮರವನ್ನು ಬೆಳೆಯುವದೇ ಅದರ ಉದ್ದೇಶ. ಅದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು, ಅಂದರೆ 75,000 ಎಕರೆಗಳಷ್ಟು ಸಾರ್ವಜನಿಕ ನೆಲವನ್ನು ಗೊತ್ತುಮಾಡಲಾಯಿತು. ದಫ್ತರದಲ್ಲಿ ಆ ನೆಲಕ್ಕೆ ‘ಸಿ ಮತ್ತು ಡಿ ವರ್ಗ’ವೆಂದು ಹೆಸರು, ಕಾಡಲ್ಲ, ಹೊಲವೂ ಅಲ್ಲ, ಬಂಜರು ಎಂದು ಅರ್ಥ.

ಈ ಬಂಜರೆಂಬುವದು ಏನೆಂದು ವಾಚಕರು ಒಮ್ಮೆ ಕಣ್ಮುಂದೆ ತಂದುಕೊಳ್ಳುವದು ಒಳ್ಳೆಯದು. ಊರಿನ ಹೊರಗೆ ಗಾಯರಾಣ. ಅದರಾಚೆ ಕುರುಚಲು ಗುಡ್ಡ. ಮಳೆಗಾಲದಲ್ಲಿ ಮೊಳಕಾಲೆತ್ತರ ಹುಲ್ಲು. ಬೇಸಗೆಯಲ್ಲಿ ಅದೇ ಒಣಗಿ ಚಪ್ಪರಕ್ಕೆ, ಮಾಳಿಗೆಗೆ, ದನಕ್ಕೆ. ಮುತ್ತುಗದ ಎಲೆಯಿಂದ ಪತ್ರಾವಳಿ. ತಂಗಡಿಯ ತೊಗಟೆ ತೊಗಲು ಹದಮಾಡುವದಕ್ಕೆ. ಜಾಲಿಯ ಕಾಯಿ ಆಡು ಕುರಿಗಳಿಗೆ, ಅದರ ಕಟ್ಟಿಗೆ ಚಕ್ಕಡಿಯ ಗಾಲಿಗೆ ಮತ್ತು ಕುಂಟೆಗೆ. ಲಕ್ಕಿಯ ಬರಲು ಬುಟ್ಟಿಗೆ, ಅದರ ಸೊಪ್ಪು ಕಾಳಿನ ಹಗೇವಿನಲ್ಲಿ ಹುಳ ಬೀಳದಂತೆ. ನೆಲ್ಲಿ, ಕವಳಿ, ಕಾರೆ, ಬಾರಿಗಳ ಹಣ್ಣು ದನಕಾಯುವ ಹುಡುಗರ ಹೊಟ್ಟೆಗೆ. ಹೊಲವಿದ್ದವರಿಗೆ ಇದು ಹೆಚ್ಚುವರಿ; ಹೊಲವಿಲ್ಲದವರಿಗೆ ಇದೇ ಹೊಲ. ಕುರುಬರ ಹಿಂಡು, ಬುಟ್ಟಿ ಹೆಣೆಯುವವರು, ಸೌದೆಯ ಹೊರೆ ಮಾರುವ ಹೆಂಗಸರು ಈ ನೆಲದ ಮೇಲೆ ನಿಂತ ಸಂಸಾರಗಳು. ಇವರ ಆದಾಯವು ಯಾವ ತಖ್ತೆಯಲ್ಲಿಯೂ ಬಂದಿರಲಿಲ್ಲವಾದ್ದರಿಂದ ಅದು ಹೋದಾಗ ನಷ್ಟವೆಂದೂ ತೋರಲಿಲ್ಲ. ನೀಲಗಿರಿಯ ಸಾಲುಗಳು ಎದ್ದಾಗ ಸರಕಾರದ ಪುಸ್ತಕದಲ್ಲಿ ಬಂಜರು ಹಸಿರಾಯಿತೆಂದು ಬರೆಯಲಾಯಿತು. ಆ ಪುಸ್ತಕದ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಇದನ್ನು ಎದುರಿಸಿ ನಿಂತದ್ದು ಧಾರವಾಡದ ‘ಸಮಾಜ ಪರಿವರ್ತನ ಸಮುದಾಯ’. ಅದರ ಮುಂದಾಳಾದ ಎಸ್. ಆರ್. ಹಿರೇಮಠರು ಅಮೇರಿಕದಲ್ಲಿದ್ದು ಮರಳಿ ಬಂದು ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಗ್ರಾಮಸೇವೆಗೆ ನಿಂತವರು. ತುಂಗಭದ್ರೆಯ ನೀರು ಕೆಟ್ಟಿತೆಂದು ಮೀನುಗಾರರೂ ಹೊಳೆದಂಡೆಯ ಊರವರೂ ಎತ್ತಿದ ದೂರಿನಿಂದ ಈ ಸಂಘಟನೆಯ ಕೆಲಸ ಬೆಳೆದಿತ್ತು. ನೀರಿನ ದೂರಿನಿಂದ ನೆಲದ ದೂರಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಹೊಳೆಗೆ ಬರುವ ಕೊಳೆಯೂ ಗುಡ್ಡಕ್ಕೆ ಬರುವ ಸಸಿಯೂ ಒಂದೇ ಸರಪಳಿಯ ಎರಡು ಕೊಂಡಿಗಳೆಂಬುವದನ್ನು ಅವರು ಕಂಡುಕೊಂಡಿದ್ದರು. 1986ರ ಕೊನೆಗೆ ಕಂಪನಿಯ ಸ್ಥಾಪನೆಯನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯು ಹೋಯಿತು. ಅರ್ಜಿದಾರರಲ್ಲಿ ಪ್ರಮುಖರು ಡಾ. ಶಿವರಾಮ ಕಾರಂತರು. ಬಾಳೆಲ್ಲ ಕಾದಂಬರಿ, ಯಕ್ಷಗಾನ, ವಿಜ್ಞಾನಕೋಶಗಳಲ್ಲಿ ಕಳೆದ ವೃದ್ಧ ಸಾಹಿತಿಯೊಬ್ಬರು ಊರ ಗೋಮಾಳದ ಸಲುವಾಗಿ ದಿಲ್ಲಿಯ ನ್ಯಾಯಾಸನದ ಮುಂದೆ ಹೆಸರು ಕೊಟ್ಟದ್ದು ಕನ್ನಡ ಸಾಹಿತ್ಯಲೋಕವು ಹೆಮ್ಮೆಪಡತಕ್ಕ ವಿಷಯ. 1987ರ ಮಾರ್ಚಿನಲ್ಲಿ, ಕಂಪನಿಗೆ ಇನ್ನಷ್ಟು ನೆಲವನ್ನು ವರ್ಗಾಯಿಸಬಾರದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು.

ತಡೆಯಾಜ್ಞೆಯು ಮುಂದಿನ ನೆಲವನ್ನು ಕಾಯಿತು. ಆಗಲೇ ಸಸಿ ಕಂಡಿದ್ದ ಗುಡ್ಡಗಳ ಗತಿಯೇನು? ಹಾನಗಲ್ಲ ತಾಲೂಕಿನ ಕುಸನೂರು ಅಂಥ ಊರುಗಳಲ್ಲಿ ಒಂದು. 1987ರ ನವೆಂಬರ 14ರಂದು ಸುತ್ತಲ ಹಳ್ಳಿಗಳವರೂ ಹೊರಗಿನಿಂದ ಬಂದ ಕಾರ್ಯಕರ್ತರೂ ಕೂಡಿ ಅಲ್ಲಿ ಸತ್ಯಾಗ್ರಹ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು ‘ಕಿತ್ತಿಕೋ ಹಚ್ಚಿಕೋ’. ಹಚ್ಚುವದೆಂದರೆ ಈ ಸೀಮೆಯ ಮಾತಿನಲ್ಲಿ ಸಸಿ ನೆಡುವದು. ನಾಲ್ಕು ವರ್ಷಗಳ ಹಿಂದೆ, 1983ರಲ್ಲಿ, ಶಿರಸಿಯ ಸಲಕಣಿಯ ಹಳ್ಳಿಗರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದ ‘ಅಪ್ಪಿಕೋ’ ಚಳವಳಿಯ ಪ್ರಾಸವೂ ಈ ಹೆಸರಿನಲ್ಲಿ ಕೇಳಿಸುತ್ತದೆ. ಆದರೆ ಎರಡಕ್ಕೂ ಅಂತರವುಂಟು. ಅಲ್ಲಿ ಇದ್ದ ಕಾಡನ್ನು ಉಳಿಸಿಕೊಳ್ಳುವದು. ಇಲ್ಲಿ ನೆಟ್ಟ ಗಿಡವನ್ನು ಕೀಳುವದು. ಗಿಡ ಕೀಳುವವರನ್ನು ಪರಿಸರಪ್ರೇಮಿಗಳೆಂದು ಕರೆಯುವದು ಹೇಗೆಂದು ಪಟ್ಟಣದ ಅನೇಕ ಸುಶಿಕ್ಷಿತರಿಗೆ ಗೊಂದಲವಾಯಿತಾದರೆ ಆಶ್ಚರ್ಯವಿಲ್ಲ. ಸತ್ಯಾಗ್ರಹಿಗಳು ಕಿತ್ತದ್ದು ನೂರರಷ್ಟು ನೀಲಗಿರಿ ಸಸಿಗಳನ್ನು. ಕಿತ್ತ ಕುಣಿಗಳಲ್ಲಿ ಹಣ್ಣಿಗೂ ಮೇವಿಗೂ ಒದಗುವ ಗಿಡಗಳನ್ನು ಹಚ್ಚಿದರು. 75,000 ಎಕರೆಗಳ ಎದುರಿಗೆ ನೂರು ಸಸಿಗಳು ಏನೂ ಅಲ್ಲ. ಆದರೂ ಈ ಸೀಮೆಯ ವ್ಯಾಪಾರದ ಚರಿತ್ರೆಯಲ್ಲಿ ಮಾಲು ಹುಟ್ಟುವ ಊರಿನವರು, ಆ ನೆಲವು ಮೊದಲು ಏನನ್ನು ಹೊತ್ತಿತ್ತೆಂಬುವದನ್ನು ಎಲ್ಲರೆದುರಿಗೆ ಹೇಳಿದ್ದು ಆ ದಿನವೇ. ಕಿತ್ತಿಕೋ ಎಂಬುವದಕ್ಕಿಂತ ಹಚ್ಚಿಕೋ ಎಂಬ ಮಾತು ಹೆಚ್ಚಿನದು. ಯಾವ ಗಿಡವನ್ನು ಹಚ್ಚಬೇಕೆಂದು ಆರಿಸುವಾಗ ಏನು ಕಳೆದುಹೋಗಿತ್ತೆಂಬುವದರ ಯಾದಿಯು ತಾನಾಗಿಯೇ ಸಿದ್ಧವಾಗುತ್ತದೆ.

ಮುಂದೆ ನ್ಯಾಯಾಲಯದ ಹೋರಾಟವೂ ಊರುಗಳ ಹೋರಾಟವೂ ಒಟ್ಟೊಟ್ಟಿಗೆ ಸಾಗಿ, 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಲಾಯಿತು. ರಾಮಚಂದ್ರ ಗುಹಾ ಮೊದಲಾದ ಇತಿಹಾಸಕಾರರು ಕುಸನೂರಿನ ಹೆಸರನ್ನು ಪರದೇಶದ ವಾಚಕರಿಗೂ ಪರಿಚಯಿಸಿದರು. ಆದರೆ ಕಂಪನಿ ಮುಚ್ಚಿದರೂ ನೀಲಗಿರಿ ಮುಚ್ಚಲಿಲ್ಲ. ಸಾಮಾಜಿಕ ಅರಣ್ಯವೆಂಬ ಯೋಜನೆಯಲ್ಲಿ ರೈತರೇ ತಮ್ಮ ಹೊಲಗಳಲ್ಲಿ ಅದನ್ನು ಬೆಳೆದರು. ಕೂಲಿ ಸಿಗದ ಕಾಲದಲ್ಲಿ ಆರೇಳು ವರ್ಷಕ್ಕೊಮ್ಮೆ ಕೈಗೆ ಬರುವ ಹಣವನ್ನು ಬೇಡವೆನ್ನುವದು ಸುಲಭವಲ್ಲ. ರಾಜ್ಯಸರಕಾರವು ಹೊಸದಾಗಿ ನೀಲಗಿರಿ ನೆಡುವದನ್ನು ನಿಷೇಧಿಸಿದ್ದು 2017ರಲ್ಲಿ, ಅಂದರೆ ಕುಸನೂರಿನ ಸತ್ಯಾಗ್ರಹದ 30ನೆಯ ವರ್ಷಕ್ಕೆ.

ಹಾನಿಯನ್ನು ಯಾರೂ ಅಳೆಯಲೇ ಇಲ್ಲವೆಂದರೆ ತಪ್ಪಾಗುವದು. ನೆರೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವಾಯಿತು. 119 ಚದರ ಕಿಲೊಮೀಟರಿನ ಆ ಕುರುಚಲು ಬಯಲಿನಲ್ಲಿ ಬಹುಪಾಲು ನೀಲಗಿರಿಯ ತೋಪುಗಳೇ ಎದ್ದಿವೆ. ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು ಈ ನೆಡುತೋಪುಗಳಿಂದ ಅಲ್ಲಿಯ ಪ್ರಾಣಿಲೋಕದ ಮೇಲಾದ ಪರಿಣಾಮವನ್ನು ಕುರಿತು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಯ ಪತ್ರಿಕೆಯಲ್ಲಿ ಬರೆದರು. ಸತ್ಯವು ಇಲ್ಲಿಯೂ ಒಂದೇ ಮುಖದ್ದಲ್ಲ. ಚಿಗರಿಗಳಿಗೆ ಎಳೆಯ ತೋಪಿನ ಮರೆಯು ಆಸರೆಯಾದದ್ದುಂಟು. ತೆರೆದ ಹುಲ್ಲುಬಯಲನ್ನೇ ನೆಚ್ಚಿ ಬದುಕುವ ಎರೆಭೂತ ಹಕ್ಕಿಗೆ, ದೊರೆವಾಯನ ಹಕ್ಕಿಯೆಂದೂ ಅದಕ್ಕೆ ಹೆಸರು, ಅಂಥ ಮರೆಯು ಬೇಡ. ರಾಣೆಬೆನ್ನೂರಿನ ಬಯಲಿನಲ್ಲಿ ಕಂಡಿದ್ದ ಆ ಹಕ್ಕಿ ಇಂದು ಅಲ್ಲಿಲ್ಲ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಉಳಿದಿವೆ. ಹಸಿರೆಂಬ ಒಂದೇ ಬಣ್ಣದಿಂದ ನೆಲವನ್ನು ಅಳೆಯುವವನಿಗೆ ಮರವಿಲ್ಲದ ಬಯಲು ಬರಿಯ ಬಯಲಾಗಿ ಕಾಣುವದರಲ್ಲಿ ಅಚ್ಚರಿಯಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹೊರಗಿನಿಂದ ಬಂದದ್ದೆಲ್ಲ ಹಾನಿಯೆಂಬ ತೀರ್ಮಾನವು ಸರಿಯಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಬೆಳೆದ ಭಾರಿ ಗಾತ್ರದ ಮೂರು ಮರಗಳು ಹೆಸರಿಗೆ ಹುಣಸೆಯಾದರೂ ಜಾತಿಯಿಂದ ಆಫ್ರಿಕದ ಬಾವೊಬಾಬ್. ಯಾವುದೋ ಹಳೆಯ ಕಾಲದ ಸಂಚಾರಿಯ ಜೋಳಿಗೆಯಿಂದಲೋ ವ್ಯಾಪಾರಿಯ ಗಂಟಿನಿಂದಲೋ ಬಂದು, ನವಾಬರ ಊರಿನಲ್ಲಿ ದೇವರಗಿಡವಾಗಿ ನಿಂತವು. ಬ್ಯಾಡಗಿಯ ಮೆಣಸಿನಕಾಯಿಯಿಲ್ಲದ ಈ ಸೀಮೆಯ ಅಡಿಗೆಯನ್ನು ಯಾರೂ ಊಹಿಸಲಾರರು; ಮೆಣಸಿನಕಾಯಿ ಅಮೇರಿಕದಿಂದ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ, ಅನ್ಯದೇಶದ ಗಿಡವೊಂದು ಕಾನೂನಿನ ಪ್ರಕಾರವೂ ಈ ನೆಲದ ಮಗುವಾಯಿತು. ಮೆಣಸಿನ ಗಿಡವು ಹೊಲದ ಒಂದು ಮಗ್ಗುಲನ್ನು ಕೇಳಿತು; ನೀಲಗಿರಿಯು ಊರ ಗುಡ್ಡವನ್ನೇ ಕೇಳಿತು. ಅಂತರವು ಗಿಡದ ಕುಲದಲ್ಲಿಲ್ಲ, ಅದು ಎಷ್ಟನ್ನು ತೆರವು ಮಾಡಿಸಿತೆಂಬಲ್ಲಿದೆ.

ಇಂದಿನ ಅಳತೆಗಳ ಕಡೆಗೆ ಮತ್ತೆ ತಿರುಗೋಣ. ಯುರೋಪಿಯನ್ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಅಂಗೀಕರಿಸಿತು. ದನ, ಕೋಕೋ, ಕಾಫಿ, ತಾಳೆಯೆಣ್ಣೆ, ರಬ್ಬರು, ಸೋಯಾ, ಮರ ಈ ಏಳು ಸರಕುಗಳು 2020ರ ಡಿಸೆಂಬರ 31ರ ತರುವಾಯ ಕಾಡು ಕಡಿದ ನೆಲದಲ್ಲಿ ಹುಟ್ಟಿದ್ದರೆ ಅವನ್ನು ಅಲ್ಲಿಯ ಪೇಟೆಗೆ ಬಿಡುವಂತಿಲ್ಲ. ಇದರ ಜಾರಿಯ ದಿನವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಆದರೂ ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರು ತಮ್ಮ ತೋಟಗಳ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿಕೊಳ್ಳುವಂತಾಗಿದೆ. ಕುಮಟೆಯ ಹೆಸರಿನಲ್ಲಿ ಹೊಲವು ಮರೆಯಾಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಾಮಾನ್ಯ ಬದಲಾವಣೆಯಲ್ಲ. ಇತ್ತ ಕೆನಡಾದ ‘ಕ್ಯಾನೊಪಿ’ ಎಂಬ ಸಂಸ್ಥೆಯು 2013ರಿಂದ ವಿಸ್ಕೋಸ್ ನಾರಿನ ವಿಷಯವಾಗಿಯೇ ಚಳವಳಿ ನಡೆಯಿಸಿ, ಯಾವ ಕಾರಖಾನೆಯು ಪ್ರಾಚೀನ ಅರಣ್ಯಗಳ ಮರವನ್ನು ಬಳಸುವ ಅಪಾಯವೆಷ್ಟೆಂದು ಪಟ್ಟಿಮಾಡಿ ಪ್ರಕಟಿಸುತ್ತಿದೆ. ದೊಡ್ಡ ದೊಡ್ಡ ಉಡುಪಿನ ವ್ಯಾಪಾರಿಗಳು ಆ ಪಟ್ಟಿಯನ್ನು ನೋಡಿ ಅರಿವೆ ಕೊಳ್ಳುತ್ತಾರೆ.

ಈ ಅಳತೆಗೋಲುಗಳನ್ನು 1984ರ ಕುಸನೂರಿನ ಗುಡ್ಡಕ್ಕೆ ಹಿಡಿದು ನೋಡಿದರೆ ಏನಾಗುವದು? ಅದು ಪ್ರಾಚೀನ ಅರಣ್ಯವಲ್ಲ. ಆದುದರಿಂದ ಒಂದು ಪಟ್ಟಿಗೆ ಸಿಗದು. ಅಲ್ಲಿ ಕಾಡು ಕಡಿಯಲಿಲ್ಲ, ಬದಲಾಗಿ ಮರವನ್ನೇ ನೆಟ್ಟರು. ಆದುದರಿಂದ ಕಾನೂನಿಗೂ ಸಿಗದು. ಉಪಗ್ರಹದ ಕಣ್ಣಿಗೆ ಗುಡ್ಡವು ಮೊದಲಿಗಿಂತ ಹಸಿರಾಗಿಯೇ ತೋರುವದು. ಲೆನ್ಜನ್ನರ ತಖ್ತೆಯಲ್ಲಿಯೂ ಅದು ಬರಲಾರದು. ಎರೆಭೂತದಂಥ ಒಂದು ಹಕ್ಕಿ ಕೆಂಪು ಪಟ್ಟಿಯಲ್ಲಿ ಇದ್ದರೆ ಉಂಟು, ಮುತ್ತುಗ, ಲಕ್ಕಿ, ಕವಳಿಗಳು ಇಂಡಿಯಾದಲ್ಲೆಲ್ಲ ಇರುವ ಗಿಡಗಳು. ಒಂದು ಊರಿನಿಂದ ಅವು ಮಾಯವಾದರೆ ಲೋಕದಲ್ಲಿ ಒಂದು ಜಾತಿಯೂ ಕಡಿಮೆಯಾಗುವದಿಲ್ಲ. ಆ ಊರಿನಲ್ಲಿ ಬುಟ್ಟಿ ಹೆಣೆಯುವವನಿಗೆ ಮಾತ್ರ ಲಕ್ಕಿಯ ಜಾತಿಯೇ ಅಳಿದಂತೆ. ಲೋಕದ ಲೆಕ್ಕದಲ್ಲಿ ಅಳಿವೆಂದರೆ ಕೊನೆಯ ಪ್ರಾಣಿಯ ಸಾವು. ಊರ ಲೆಕ್ಕದಲ್ಲಿ ಅಳಿವೆಂದರೆ ನಡೆದು ಹೋಗಿ ತರುವಷ್ಟು ದೂರದಲ್ಲಿ ಅದು ಇಲ್ಲದಾಗುವದು. ಎರಡನೆಯ ಅಳಿವನ್ನು ಎಣಿಸದೆ ಮೊದಲನೆಯದನ್ನು ಮಾತ್ರ ಎಣಿಸುವ ವಿದ್ಯೆಯು ಎಷ್ಟೇ ಸೂಕ್ಷ್ಮವಾಗಿದ್ದರೂ ಅರೆಯಾದದ್ದೆಂದು ಹೇಳದೆ ವಿಧಿಯಿಲ್ಲ.

ಊರ ಲೆಕ್ಕಕ್ಕೂ ಒಂದು ಪುಸ್ತಕವು ಈಗ ಕಾನೂನಿನಿಂದಲೇ ಬಂದಿದೆ. 2002ರ ಜೀವವೈವಿಧ್ಯ ಕಾಯದೆಯ ಮೇರೆಗೆ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿ ಒಂದು ಸಮಿತಿಯಿದ್ದು, ಆ ಊರ ಬೆಳೆ, ಗಿಡ, ಹುಲ್ಲು, ಪ್ರಾಣಿ, ಹಕ್ಕಿಗಳನ್ನು ‘ಜನತಾ ಜೀವವೈವಿಧ್ಯ ದಾಖಲೆ’ಯಲ್ಲಿ ಬರೆದಿಡಬೇಕು. ಈ ದಾಖಲೆಯ ಕಲ್ಪನೆಯಲ್ಲಿಯೂ ಗಾಡಗೀಳರ ಕೈಯಿದೆ. ಬಿದಿರಿನ ಮುಳ್ಳಿನ ಪ್ರಸಂಗವನ್ನು ಅವರು ಮರೆತಿರಲಿಲ್ಲವೆಂದು ಇದರಿಂದ ಅನುಮಾನಿಸಬಹುದು. ಅನೇಕ ಕಡೆಗಳಲ್ಲಿ ಈ ದಾಖಲೆಯನ್ನು ನ್ಯಾಯಮಂಡಳಿಯ ಗಡುವಿಗೆ ಹೆದರಿ ಗಡಿಬಿಡಿಯಲ್ಲಿ ತುಂಬಿಸಿದ್ದೂ ಉಂಟು. ಅದರ ನಮೂನೆಯಲ್ಲಿ ಗಿಡದ ಊರ ಹೆಸರು, ಶಾಸ್ತ್ರೀಯ ಹೆಸರು, ಇರುವ ಸ್ಥಳ, ಉಪಯೋಗ ಇವುಗಳ ಜೊತೆಗೆ ‘ಹಿಂದಿನ ಸ್ಥಿತಿ’ ಮತ್ತು ‘ಈಗಿನ ಸ್ಥಿತಿ’ ಎಂದು ಎರಡು ಅಂಕಣಗಳಿವೆ. ಈಗಿನ ಸ್ಥಿತಿಯನ್ನು ಯಾವ ವಿದ್ಯಾರ್ಥಿಯಾದರೂ ಗುಡ್ಡ ಸುತ್ತಿ ಬರೆಯಬಲ್ಲನು. ಹಿಂದಿನ ಸ್ಥಿತಿಯನ್ನು ಹೇಳಬಲ್ಲವರು ಸಸಿ ಬರುವದಕ್ಕೆ ಮುಂಚೆ ಆ ಗುಡ್ಡದಲ್ಲಿ ದನ ಕಾಯ್ದವರು. ಸೌದೆಯ ಹೊರೆ ಹೊತ್ತವರು. 1984ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 60 ದಾಟಿದೆ.